ಕಣ್ಣಿನ ಬಾಜೂಕ ಮಖಮಲ್ಲಿನ ಪಟ್ಟಿ

ನನ್ನ ಹೆಂಡ್ತಿಗೆ ಹುಳ ಕಡದದ್ದು ಶಿವರಾತ್ರಿ ಆಗಿ ಮೂರನೇ ದಿನ, ಮುಂಜಾನಿ ಬಿಸಿಲು ಏರೂ ಹೊತ್ತಿನ್ಯಾಗ. ಅಕಿ ಹಿತ್ತಲದಾಗ ಕಸಾ ಹೊಡಿಯಾಕತ್ತಿದ್ಲು. ನಾನು ಒಳಗ ಕುಂತು ಚಾ ಕುಡಿಯಾಕತ್ತಿದ್ನಿ. ಅಕಿ "ಹಾಯ್" ಅಂದದ್ದು ಕೇಳ್ತು, ಕುತಿಗಿ ಮ್ಯಾಲ ಫಟ್ ಅಂತ ಹೊಡಕೊಂಡದ್ದೂ ಕೇಳ್ತು. ಇರಿವಿನೋ ಗೊದ್ದಾನೋ ಕಡದಿರಬೇಕು ಅಂತ ನಾ ಏಳಲಿಲ್ಲ. ಚಾ ಪೂರಾ ಕುಡದ್ನಿ. ಆ ಚಾ ಕುಡದು ಮುಗಿಸಿದ್ದು ನನಗ ಇವತ್ತಿಗೂ ಮರತಿಲ್ಲ.

ಬಟ್ಟಲಾ ಇಡೂದ್ರೊಳಗ ಅಕಿ ಬಾಗಲ ಚೌಕಟ್ಟು ಹಿಡಕೊಂಡು ನಿಂತಿದ್ಲು. ತುಟಿ ಬಾತಿದ್ವು. ಒಂದು ಕಣ್ಣು ಅರ್ಧ ಮುಚ್ಚಿತ್ತು.

"ರೀ, ನಾಲಿಗಿ ದಪ್ಪ ಆಗೇತಿ," ಅಂದ್ಲು. ದನಿ ಅಕೀದ ಅಲ್ಲ ಅನ್ನಂಗಿತ್ತು.

ಬಾಜೂ ಮನಿ ಆಟೋದಾಗ ಹಾಕ್ಕೊಂಡು ತಾಲೂಕು ದವಾಖಾನಿಗೆ ಹೋದ್ವಿ. ದಾರ್ಯಾಗ ಅಕಿ ಉಸಿರು ಶಿಳ್ಳಿ ಹಾಕಿದಂಗ ಬರಾಕತ್ತಿತ್ತು. ಡಾಕ್ಟರ್ ಬಾಯಾರು ಸಣ್ಣ ವಯಸ್ಸಿನಾಕಿ, ಏನೂ ಕೇಳಲಾರದ ಮೊದಲ ತೊಡಿಗೆ ಇಂಜೆಕ್ಷನ್ ಹಾಕಿದ್ರು. ಆಮ್ಯಾಲ ಮಾತಾಡಿಸಿದ್ರು. ಅಲ್ಲಿ ಗ್ವಾಡಿಗೆ ಒಂದು ಗಡಿಯಾರ ಇತ್ತು, ಭಾಳ ಹಿಂದ ಓಡತಿತ್ತು. ನಾ ಬಸ್ ಸ್ಟ್ಯಾಂಡ್ ಹತ್ರ ಗಡಿಯಾರ ರಿಪೇರಿ ಅಂಗಡಿ ಇಟ್ಟಾಂವ, ಹಂತಾದು ನನ್ನ ಕಣ್ಣಿಗೆ ತಾನ ಬೀಳತೈತಿ. ಆದ್ರ ಅವತ್ತು ಆ ಮುಳ್ಳು ನೋಡಕೋಂತ ನಿಂತಾಗ, ಅದು ಹಿಂದ ಓಡಲಿ, ಇನ್ನೂ ಹಿಂದ ಓಡಲಿ ಅಂತ ಮನಸಿನ್ಯಾಗ ಅನಕೊಂಡ್ನಿ.

ಉಸಿರು ಹದಕ್ಕ ಬಂದ ಮ್ಯಾಲ ಬಾಯಾರು ನನ್ನ ಬಾಜೂಕ ಕರದ್ರು.

"ಯಾವ ಹುಳರಿ ಅದು?"

"ನೋಡಿಲ್ರಿ ಮೇಡಂ. ಅಕಿನೂ ನೋಡಿಲ್ಲ."

"ಮುಳ್ಳು ಒಳಗ ಉಳದಿಲ್ಲ. ಜೇನು ಕಡದಿದ್ರ ಹೆಚ್ಚಾಗಿ ಮುಳ್ಳು ತೊಗಲಾಗ ಉಳೀತೈತಿ. ಇದು ಬ್ಯಾರೆ ಏನೋ. ಹುಡುಕ್ರಿ. ಹುಡುಕಿ ಇವರನ್ನ ಅದರಿಂದ ದೂರ ಇಡ್ರಿ. ಮುಂದಿನ ಸಲ ಕಡದ್ರ ಇವತ್ತಿನಷ್ಟು ಟೈಮ್ ಸಿಗತೈತಿ ಅಂತ ತಿಳಕೋಬ್ಯಾಡ್ರಿ."

ಅಲ್ಲಿಂದ ಕೊಪ್ಪಳಕ್ಕ ಬರದು ಕೊಟ್ರು. ಎರಡು ದಿನ ಅಲ್ಲಿ ದೊಡ್ಡ ದವಾಖಾನ್ಯಾಗ ಇದ್ವಿ. ಮಂಚದ ಬಾಜೂಕ ಕುಂತು ನಾ ಆ ಒಂದು ಮಾತು ತಿರಿಗಿ ತಿರಿಗಿ ನೆನಿಸಿದ್ನಿ. ಇಪ್ಪತ್ತು ವರ್ಷದಿಂದ ಗಿರಾಕಿಗೆ ನಾಳೆ ಬರ್ರಿ, ನಾಡದು ಬರ್ರಿ ಅಂತ ವಾಯಿದೆ ಹೇಳಕೋಂತ ಬಂದಾಂವ ನಾನು. ಈಗ ನನಗ ವಾಯಿದೆ ಕೊಡಾವ್ರು ಯಾರೂ ಇರಲಿಲ್ಲ.

ಮನಿಗೆ ಬಂದ ಮರುದಿನ ಮುಂಜಾನಿ ಹಿತ್ತಲಕ್ಕ ಹೋದ್ನಿ. ನಮ್ಮ ಮನಿ ಊರ ಕಡೀಕ ಐತಿ. ಹಿತ್ತಲ ಅಂದ್ರ ದೊಡ್ಡದೇನಲ್ಲ, ಒಂದು ಬೇವಿನ ಗಿಡ, ಅದರ ಕೆಳಗ ಕುಡಿಯೂ ನೀರು ತುಂಬಿಡೂ ಕಲ್ಲಿನ ತೊಟ್ಟಿ, ಅದಕ್ಕ ನಾವು ಹೌದು ಅಂತೀವಿ, ಇನ್ನೊಂದು ಬದಿಗೆ ತಗಡಿನ ಶೆಡ್ಡು. ನಡುವ ಗಟ್ಟಿ ಕೆಂಪು ನೆಲ. ಆ ನೆಲದ ತುಂಬ ತೂತು. ಒಂದೊಂದು ತೂತಿನ ಸುತ್ತ ಜರಡಿ ಹಿಡದಂಗ ಸಣ್ಣ ಮಣ್ಣಿನ ಗುಂಪಿ. ಪೆನ್ಸಿಲ್ ಇಳಿಯೂವಷ್ಟು ಬಾಯಿ. ಬಿಸಿಲು ಬಿದ್ದ ಕೂಡ್ಲೆ ಒಂದೊಂದು ತೂತಿನ ಬಾಯಾಗ ಒಂದೊಂದು ಕರೀ ಮಾರಿ ಕಾಣಿಸ್ತು. ಎಲ್ಲಾ ನನ್ನ ಕಡೆ ನೋಡಿದಂಗ. ನೆಲದ ಮ್ಯಾಲ ಗೇಣು ಎತ್ತರದಾಗ ಇನ್ನಷ್ಟು ಹುಳ ಹಾರಾಡಾಕತ್ತಿದ್ವು, ಸಪ್ಪಳ ಒಲಿ ಮ್ಯಾಲಿನ ಎಸರಿನಂಗ ಸಣ್ಣಾಗಿತ್ತು.

ವರ್ಷಾ ಶಿವರಾತ್ರಿ ಆಜೂಬಾಜೂಕ ಇವು ಬರ್ತಾವಂತ, ಯುಗಾದಿ ದಾಟಿ ಸ್ವಲ್ಪ ದಿನಕ್ಕ ಹೋಗ್ತಾವಂತ ಹೆಂಡ್ತಿ ಹೇಳಿದ್ಲು. ನಾ ಎಂದೂ ಲಕ್ಷ್ಯ ಕೊಟ್ಟಿದ್ದಿಲ್ಲ. ಈಗ ಅಕಿ ಒಳಗಿಂದ ಕಿಡಕಿ ಮುಚ್ಚಿಕೊಂಡು ಕುಂತು ಕೇಳಿದ್ಲು, "ಎಷ್ಟು ಅದಾವ್ರಿ?"

"ಭಾಳ ಇಲ್ಲ."

"ನಿಮಗ ಸುಳ್ಳು ಹೇಳಾಕ ಬರಂಗಿಲ್ಲ. ಆ ವಿದ್ಯಾ ಕಲೀಲಾರದ ಪರೀಕ್ಷಿ ಕಟ್ಟೀರಿ ನೀವು."

ನಾ ನಲವತ್ತೊಂದನೇ ವಯಸ್ಸಿನ್ಯಾಗ ಹತ್ತನೇತ್ತಾ ಪರೀಕ್ಷಿ ಕಟ್ಟಿ ಪಾಸಾದಾಂವ. ಸಣ್ಣಾಂವ ಇದ್ದಾಗ ಮೂರನೇತ್ತಾ ಬಿಟ್ಟು ಅಂಗಡಿ ಸೇರಿದ್ದೆ. ಅವತ್ತಿಂದ ಅಕಿ ನನಗ ಸಾಲಿ ಹುಡುಗ ಅಂತಾಳ. ದವಾಖಾನಿಯಿಂದ ಬಂದ ಮ್ಯಾಲ ಅದ ಮೊದಲ ಸಲ ಚಾಷ್ಟಿ ಮಾಡಿದ್ಲು, ನನಗ ಅಷ್ಟಕ್ಕ ಜೀವ ಬಂದಂಗಾತು.

ನಮ್ಮ ಅಣ್ಣಂದು ಊರ ಹೊರಗ ದಾಳಿಂಬ್ರಿ ತೋಟ ಐತಿ. ಸುದ್ದಿ ಕೇಳಿ ಬೆನ್ನಿಗೆ ಹಾಕ್ಕೊಳ್ಳೂ ಪಂಪು ತಗೊಂಡ ಬಂದ. ಗಿಡಕ್ಕ ಹೊಡಿಯೂ ಎಣ್ಣಿ ಅದರಾಗ ಕಲಿಸಿಕೊಂಡ ತಂದಿದ್ದ. ನಮ್ಮ ಕಡೆ ಹುಳದ ಔಷಧಕ್ಕ ಎಣ್ಣಿ ಅಂತಾರ.

"ತಮ್ಮಾ, ವಿಚಾರ ಏನ ಮಾಡ್ತೀ? ನೆಲದಾಗ ಇಷ್ಟು ಹುಳ ಇಟಗೊಂಡು ಮನ್ಯಾಗ ಹೆಂಗ ನಿದ್ದಿ ಮಾಡ್ತೀಯೋ?"

"ಇವ ಕಡದಾವ ಅಂತ ಗೊತ್ತಿಲ್ಲ ಅಣ್ಣಾ."

"ಮತ್ತೇನು, ಹುಳ ಕಡದು ಚೀಟಿ ಬರದಿಟ್ಟು ಹೋಗತೈತೇನು? ತಂಗೀ, ನೀ ಹೇಳವ್ವ, ಹೊಡಿಲೋ ಬ್ಯಾಡೋ?"

ಅಕಿ ಒಳಗಿಂದ, "ಹೊಡೀರಿ ಭಾವಾರ, ಹೊಡದ ಬಿಡ್ರಿ. ಹೌದಿನ ಹತ್ರ ಮಾತ್ರ ಬ್ಯಾಡ, ಕುಡಿಯೂ ನೀರು," ಅಂದ್ಲು. ಅಂಜಿಕಿಲೆ ಹೇಳಿದ್ಲು. ನಾನೂ ಅಂಜಿದ್ದೆ. ಪಂಪಿನ ಹಿಡಿ ನಾನ ತಗೊಂಡ್ನಿ. ಒಂದೊಂದು ತೂತಿನ ಬಾಯಿಗೆ ಮೂತಿ ಹಚ್ಚಿ ಹೊಡದ್ನಿ. ಹುಳ ಒಂದೂ ನನ್ನ ಮೈಮ್ಯಾಲ ಬರಲಿಲ್ಲ. ಒಂದೂ ಕಡೀಲಿಲ್ಲ. ತೂತಿನಿಂದ ಹೊರಗ ಬಂದು ನಾಕು ಹೆಜ್ಜಿ ನಡದು ಬಿದ್ದು ಬಿಡತಿದ್ವು. ಅಷ್ಟು ಹುಳದ ನಡುವ ಬರಿಗಾಲಿಲೆ ನಿಂತಾಂವಗ ಒಂದೂ ಯಾಕ ಕಡೀಲಿಲ್ಲ ಅಂತ ನಾ ಅವಾಗ ಕೇಳಿಕೊಳ್ಳಬೇಕಾಗಿತ್ತು. ಕೇಳಿಕೊಳ್ಳಲಿಲ್ಲ.

ಹೌದಿನ ಬದಿಗಿನ ತೂತು ಬಿಟ್ವಿ. ಉಳದ ಅರ್ಧ ಅಂಗಳ ಸಂಜಿಗೆ ಸುಮ್ಮನಾತು.

"ಇನ್ನ ಅಂಜಬ್ಯಾಡ, ಮುಗೀತು," ಅಂತ ನಾ ಹೆಂಡ್ತಿಗೆ ಹೇಳಿದ್ನಿ. ಈ ಮಾತು ಹೇಳಿದಾಂವ ನಾನು.

ಅಕಿ ನನ್ನ ನಂಬಿದ್ಲು. ಎರಡು ದಿನ ಬಿಟ್ಟು ಕಿಡಕಿ ತಗದ್ಲು, ನಾಕನೇ ದಿನಕ್ಕ ಹಿತ್ತಲಕ್ಕ ಹೋಗಿ ಅರಬಿ ಒಣ ಹಾಕಿದ್ಲು. ವಾರದಾಗ ಮೊದಲಿನಂಗ ಆದ್ಲು. ಯಲಬುರ್ಗಿಯಿಂದ ತವರುಮನಿ ಮಂದಿ ನೋಡಾಕ ಬಂದ್ರ, "ನಮ್ಮ ಮನ್ಯಾರು ನೆಲದಾಗಿನ ಹುಳದ ಮ್ಯಾಲ ಲಡಾಯಿ ಮಾಡಿ ಗೆದ್ದಾರ" ಅಂತ ನಕ್ಕೋಂತ ಹೇಳಿದ್ಲು. ನಾನೂ ನಕ್ಕಿದ್ನಿ.

ಸತ್ತ ಹುಳ ಕಸಬರಿಗೀಲೆ ಗುಡಿಸೂ ಮುಂದ ನಾಕು ಎತ್ತಿ ಗಡಿಯಾರದ ಸಣ್ಣ ಸಾಮಾನು ಇಡೂ ಡಬ್ಬಿಗೆ ಹಾಕ್ಕೊಂಡಿದ್ನಿ. ಯಾಕ ಅಂದ್ರ ಡಾಕ್ಟರ್ ಬಾಯಾರು ಹುಡುಕ್ರಿ ಅಂದಿದ್ರು, ಮುಂದ ಯಾರರ ಕೇಳಿದ್ರ ತೋರಸಬೇಕು ಅಂತ. ಡಬ್ಬಿ ಅಂಗಡ್ಯಾಗ ಮೂಲಿಗೆ ಬಿತ್ತು. ಯುಗಾದಿ ಇನ್ನ ಐದು ದಿನ ಇದ್ದಾಗ, ಗಿರಾಕಿ ಇಲ್ಲದ ಒಂದು ಮುಂಜಾನಿ, ಅದನ್ನ ತಗದ್ನಿ.

ಚಿಮಟದಿಂದ ಒಂದು ಹುಳ ಎತ್ತಿ ಬಿಳೀ ಹಾಳಿ ಮ್ಯಾಲ ಇಟ್ಟು ಕಣ್ಣಿಗೆ ಐಗ್ಲಾಸ್ ಹಾಕ್ಕೊಂಡ್ನಿ. ಐಗ್ಲಾಸ್ ಅಂದ್ರ ನಾವು ಗಡಿಯಾರದಾವ್ರು ಕಣ್ಣಿನ ಗುಂಡಿಗೆ ಸಿಗಿಸಿಕೊಳ್ಳೂ ಕರೀ ಕೊಳವಿ, ಸಣ್ಣದೆಲ್ಲಾ ದೊಡ್ಡದಾಗಿ ಕಾಣತೈತಿ. ಇಷ್ಟು ವರ್ಷ ಅದರಾಗ ಹಲ್ಲಿನ ಚಕ್ರ ನೋಡೀನಿ, ಕೂದಲೆಳಿ ಸ್ಪ್ರಿಂಗು ನೋಡೀನಿ. ಜೀವ ಇದ್ದದ್ದು ನೋಡಿದ್ದು ಅದ ಮೊದಲ, ಅದೂ ಸತ್ತ ಮ್ಯಾಲ.

ಜೇನಿಗಿಂತ ತುಸು ಸಣ್ಣದು. ಎದಿ ಮ್ಯಾಲ ಕಂದು ಬಣ್ಣದ ರೋಮ ದಟ್ಟ. ಹೊಟ್ಟಿ ಕರೀದು, ಅದಕ್ಕ ತಿಳಿ ರೋಮದ ಸಣ್ಣ ಸಣ್ಣ ಪಟ್ಟಿ. ಹಿಂದಿನ ಕಾಲಿಗೆ ಬ್ರಷ್ಶಿನಂಗ ಕೂದಲಾ, ಅದರ ತುಂಬ ಹಳದಿ ಪುಡಿ. ನಾ ಬೆಳಕು ಬದಲಿಸಾಕ ಹಾಳಿ ತಿರಗಿಸಿದ್ನಿ. ಬಗ್ಗಿದ ಬೆಳಕಿನ್ಯಾಗ ಕಣ್ಣಿನ ಒಳಬದಿಗೆ, ಮಾರಿ ಮ್ಯಾಲ, ಉದ್ದಕ ಒಂದು ಪಟ್ಟಿ ಮಿಂಚಿತು. ಎರಡೂ ಕಣ್ಣಿಗೆ ಒಂದೊಂದು. ಮಖಮಲ್ಲಿನ ಅರಬಿ ಕತ್ತರಿಸಿ ಅಂಟಿಸಿದಂಗ. ಹಿಂಗ ಹಿಡದ್ರ ಕರೀದು, ಹಂಗ ಹಿಡದ್ರ ಕಂದು. ಇಷ್ಟು ನಾಜೂಕ ಕುಸುರಿ ಕೆಲಸ ಇದ್ದ ಮಾರಿ ಅದು. ಇಂಥಾದನ್ನ ಅರ್ಧ ಅಂಗಳ ಕೊಂದಿದ್ನಿ.

ಗಂಗಾವತಿ ಕಡೆ ಕೃಷಿ ಕಾಲೇಜಿನ್ಯಾಗ ಹುಳದ ಪಾಠ ಹೇಳೂ ಸರ್ ಒಬ್ರು ನನ್ನ ಗಿರಾಕಿ. ಅವರ ಅಪ್ಪನ ಕೈಗಡಿಯಾರ ನಾ ರಿಪೇರಿ ಮಾಡಿ ಕೊಟ್ಟಿದ್ದೆ. ಐಗ್ಲಾಸಿನ ಮ್ಯಾಲ ಮೊಬೈಲ್ ಇಟ್ಟು ಫೋಟೋ ತಗದು ಕಳಿಸಿದ್ನಿ. ಕಾಲು ತಾಸಿಗೆ ಫೋನ್ ಬಂತು.

"ಗಡಿಯಾರ ಬಿಟ್ಟು ಹುಳಕ್ಕ ಬಂದ್ರ್ಯಾ?" ಅಂತ ನಕ್ರು. "ಫೋಟೋ ಮ್ಯಾಲ ನಾ ಖಾತ್ರಿ ಹೇಳಂಗಿಲ್ಲ. ನಿಮ್ಮ ಕಣ್ಣು ನನ್ನ ಹುಡುಗರ ಕಣ್ಣಿಗಿಂತ ಛಲೋ ಐತಿ. ನಾ ಕೇಳ್ತೀನಿ, ನೀವು ನೋಡಿ ಹೇಳ್ರಿ. ಮಾರಿ ಮ್ಯಾಲ ಮೀಸಿ ಹುಟ್ಟೂ ತೂತಿನ ಕೆಳಗ ಗೆರಿ ಎಷ್ಟು?"

ನೋಡಾಕ ಭಾಳ ಹೊತ್ತು ಹಿಡೀತು. "ಎರಡು ಅದಾವ್ರಿ ಸರ್. ಒಂದು ಮೀಸಿಗೆ ಎರಡು."

"ರೆಕ್ಕ್ಯಾಗ ನಡುವ ಒಂದು ನರ ಕೆಳಗ ಇಳೀತೈತಿ. ಅದು ಬಿಲ್ಲಿನಂಗ ಪೂರಾ ಬಾಗೇತೋ, ಹೆಚ್ಚುಕಡಿಮಿ ನೆಟ್ಟಗೈತೋ?"

"ನೆಟ್ಟಗ ಐತ್ರಿ. ತುಸು ಬಾಗು."

"ಹೊಟ್ಟಿ ತುದಿಗೆ, ಮ್ಯಾಲಿನ ಬದಿಗೆ, ಬೈತಲಿ ತಗದಂಗ ಸೀಳು ಐತೇನು?"

"ಇಲ್ರಿ. ಬರೇ ರೋಮ."

"ಹಿಂದಿನ ಕಾಲು ಮೈಗೆ ಹತ್ತೂ ಜಾಗಾದಾಗ?"

"ಅಲ್ಲಿ ಒಂದು ಕೂದಲದ ಸುರುಳಿ ಐತ್ರಿ. ಗುಂಗುರು ಕೂದಲಾ. ಅದರಾಗೂ ಹಳದಿ ಪುಡಿ."

"ಹಂಗಂದ್ರ ಆಂಡ್ರೀನಾ. ಅದು ಕುಲದ ಹೆಸರು, ನಮ್ಮ ಅಡ್ಡಹೆಸರಿದ್ದಂಗ. ಅದರಾಗ ನಿಮ್ಮದು ಯಾವುದು ಅಂತ ಹೇಳಬೇಕಂದ್ರ ಹುಳಾನ ತಂದು ತೋರಸಬೇಕು. ಫೋಟೋದಾಗ ಕಣ್ಣಿನ ಬಾಜೂಕ ಮಖಮಲ್ಲಿನಂಥಾ ಪಟ್ಟಿ ಐತಲ್ಲ, ಆ ಕುಲದ ಹೆಣ್ಣಿನ ಗುರ್ತು ಅದು. ನೆಲಾ ತೋಡಿ ಇರೂ ಒಂಟಿ ಜೇನು. ತೂತು ಎಷ್ಟ ಇದ್ರೂ ಒಬ್ಬಕಿದು ಒಂದು ಮನಿ, ಕೂಡಿ ಮಾಡೂ ಸಂಸಾರ ಅಲ್ಲ. ಅದಕ್ಕ ಲಡಾಯಿ ಮಾಡಂಗಿಲ್ಲ. ನೆಲದ ಮ್ಯಾಲ ಸುತ್ತ ಹಾರಾಡತಾವಲ್ಲ, ಅವು ಗಂಡು, ಅವಕ್ಕ ಮುಳ್ಳ ಇಲ್ಲ."

"ಸರ್, ನನ್ನ ಹೆಂಡ್ತಿಗೆ ಕಡದು ಜೀವ ಹೋಗೂದ್ರಾಗಿತ್ರಿ."

ಆ ಕಡೆ ನಗಿ ನಿಂತು ಹೋತು. ನಾ ಎಲ್ಲಾ ಹೇಳಿದ್ನಿ. ಆಮ್ಯಾಲ ಸರ್ ಸಾವಕಾಶ ಅಂದ್ರು, "ನೋಡ್ರಿ, ಈ ಹುಳ ಬೆರಳಾಗ ಹಿಚುಕಿ ಹಿಡದ್ರ ಚುಚ್ಚಬಹುದು. ಆದ್ರ ಇದರ ಮುಳ್ಳು ನಮ್ಮ ತೊಗಲಿಗೆ ಇಳಿಯೂದ ಕಷ್ಟ. ಕಸಾ ಹೊಡಿಯಾಕತ್ತಿದಾಕಿ ಕುತಿಗಿಗೆ ತಾನಾಗಿ ಬಂದು ಇದು ಕಡದಿರಲಿಕ್ಕಿಲ್ಲ. ಮುಳ್ಳು ಉಳದಿಲ್ಲ ಅಂದ್ರಲ್ಲ, ನನಗ ಕಡಜದ ಮ್ಯಾಲ ಸಂಶೆ. ಮೈ ಮ್ಯಾಲ ರೋಮ ಕಡಿಮಿ, ನಡಾ ದಾರದಷ್ಟು ಸಣ್ಣ, ಹಾರೂ ಮುಂದ ಕಾಲು ಜೋತು ಬಿಟ್ಟಿರತಾವ. ಮನಿ ಹತ್ರಾನ ಗೂಡು ಇರತೈತಿ. ಕತ್ತಲಿ ಇದ್ದಲ್ಲಿ ನೋಡ್ರಿ. ಒಣ ಕಟಿಗಿ ಕೆರಕೊಂಡು ಹೋಗಿ, ಜಗದು, ಹಾಳಿ ಮಾಡಿ ಗೂಡು ಕಟ್ಟತಾವ. ಬಣ್ಣ ಹಚ್ಚಲಾರದ ಹಲಗಿ ಮ್ಯಾಲ ಉಗರಿಲೆ ಕೆರದಂಗ ಗೆರಿ ಬಿದ್ದಿದ್ರ, ಅವು ಅಲ್ಲೇ ಎಲ್ಲೋ ಅದಾವ ಅಂತ ತಿಳಕೋರಿ."

ಫೋನ್ ಇಟ್ಟು ಟೇಬಲ್ ಕಡೆ ನೋಡಿದ್ನಿ. ಹಂತಾ ಗೆರಿ ನನ್ನ ಮುಂದ ಇದ್ವು.

ಇಲ್ಲಿ ಒಂದು ಮಾತು ಹೇಳಬೇಕು. ನನಗ ಕೆಲಸ ಕಲಿಸಿದ ಉಸ್ತಾದರು ಒಂದು ರಿವಾಜು ಹಾಕಿ ಕೊಟ್ಟಿದ್ರು. ರಿಪೇರಿಗೆ ಕೊಟ್ಟು ಒಯ್ಯಾಕ ಬರಲಾರದವರ ಗಡಿಯಾರ ಮಾರಬಾರದು, ಬಿಚ್ಚಿ ಸಾಮಾನು ತಗೀಬಾರದು, ಒಗೀಬಾರದು. ವರ್ಷಕ್ಕ ಒಮ್ಮೆ, ಯುಗಾದಿ ದಿನ, ಒರಸಿ ಕೀಲಿ ಕೊಟ್ಟು ಒಂದು ದಿನ ನಡಸಬೇಕು. ಅವರು ತೀರಿಕೊಂಡ ಮ್ಯಾಲ ಅವರ ಕಡೆ ಇದ್ದವೂ ನನಗ ಬಂದ್ವು. ಕಟಿಗಿ ಪೆಟಗಿ, ಮುಂದ ಕಾಜಿನ ಬಾಗಲ, ಒಳಗ ಲೋಲಕ, ಅಂಥಾ ಗ್ವಾಡಿ ಗಡಿಯಾರ ಏಳು. ಅಂಗಡ್ಯಾಗ ಜಾಗಾ ಇಲ್ಲಂತ ನಮ್ಮ ಹಿತ್ತಲ ಶೆಡ್ಡಿನ ಅಟ್ಟದ ಮ್ಯಾಲ ಇಟ್ಟಿದ್ನಿ. ವರ್ಷಾ ಯುಗಾದಿ ಮುಂದ ಮನಿ ಸಾರಸಿ ಸುಣ್ಣಾ ಹಚ್ಚೂವಾಗ ನನ್ನ ಹೆಂಡ್ತಿ ಅವನ್ನ ಇಳಿಸಿ ಒರಸತಾಳ, ನಾ ಕೀಲಿ ಕೊಡ್ತೀನಿ. ಆ ವಾರ ಒಂದರ ಸ್ಪ್ರಿಂಗು ಜಾಮ್ ಆಗೇತಿ ಅಂತ ನಾನ ಒಂದು ತಗೊಂಡು ಅಂಗಡಿಗೆ ಬಂದಿದ್ನಿ. ಅದು ನನ್ನ ಟೇಬಲ್ ಮ್ಯಾಲ ಬೋರಲ ಬಿದ್ದಿತ್ತು. ಹಿಂದಿನ ಹಲಗಿ ಮ್ಯಾಲ ತಿಳೀ ಬಣ್ಣದ ಸಣ್ಣ ಸಣ್ಣ ಗೆರಿ, ಒಂದರ ಬಾಜೂಕ ಒಂದು. ಇಲಿ ಕೆರದಾವ ಅಂತ ತಿಳಕೊಂಡಿದ್ನಿ.

ಇನ್ನ ಆರು ಶೆಡ್ಡಿನ್ಯಾಗ ಇದ್ವು. ಹುಳ ಕಡದ ದಿನ ಅಕಿ ಕಸಾ ಹೊಡಿಯಾಕತ್ತಿದ್ದು ಶೆಡ್ಡಿನ ಗ್ವಾಡಿ ಬುಡಕ್ಕ. ಮತ್ತ ಸರ್ ಫೋನ್ ಬಂದ ಈ ದಿನ ಮುಂಜಾನಿ ನಾ ಮನಿ ಬಿಡೂ ಮುಂದ ಅಕಿ ಅಂದಿದ್ಲು, "ಇವತ್ತು ಶೆಡ್ಡು ಹಸನ ಮಾಡ್ತೀನ್ರಿ. ನಿಮ್ಮ ವಾರಸದಾರ ಇಲ್ಲದ ಮಕ್ಕಳಿಗೆ ಮೈ ತೊಳಿಯೂ ದಿನಾ ಬಂತು."

ಫೋನ್ ಹಚ್ಚಿದ್ನಿ. ರಿಂಗ್ ಆತು, ಎತ್ತಲಿಲ್ಲ. ಮತ್ತ ಹಚ್ಚಿದ್ನಿ. ಅಕಿ ಕೆಲಸಕ್ಕ ನಿಂತ್ರ ಫೋನ್ ಅಡಗಿ ಮನ್ಯಾಗ ಚಾರ್ಜಿಗೆ ಹಾಕಿ ಹೋಗ್ತಾಳ. ಅಂಗಡಿ ಶಟರ್ ಎಳೀಲಿಲ್ಲ. ಗಾಡಿ ಚಾಲೂ ಮಾಡಿದ್ನಿ. ಹಬ್ಬದ ಸಂತಿಗೆ ಬಂದ ಮಂದಿ ಬಸ್ ಸ್ಟ್ಯಾಂಡಿನ ಮುಂದ ತುಂಬಿತ್ತು. ಬೆಲ್ಲ, ಬೇವಿನ ತಪ್ಪಲ, ಹೊಸಾ ಅರಬಿ. ಒಬ್ಬ ಮುದುಕ ದಾರಿ ನಡುವ ನಿಂತು, "ಏನ್ ತಮ್ಮಾ, ಗಾಳಿ ಬೆನ್ನು ಹತ್ತೇತೇನು?" ಅಂದ. ನಾ ಹಾರ್ನ್ ಹೊಡದ್ನಿ, ಬೈದ. ಹೊಸಪ್ಯಾಟಿ ಬಸ್ಸು ಅಡ್ಡ ತಿರಗಿ ನಿಂತಿತ್ತು. ಆ ಬಸ್ಸು ಪೂರಾ ತಿರಗೂತನಕ ನಿಂತಿದ್ನಿ. ಡಾಕ್ಟರ್ ಬಾಯಾರ ಮಾತು ಕಿವ್ಯಾಗ ಇತ್ತು. ಇವತ್ತಿನಷ್ಟು ಟೈಮ್ ಸಿಗತೈತಿ ಅಂತ ತಿಳಕೋಬ್ಯಾಡ್ರಿ.

ಮನಿ ಮುಂಬಾಗಲಾ ತಗದಿತ್ತು. ಓಡಕೋಂತ ಹಿತ್ತಲಕ್ಕ ಹೋದಾಂವ ಬಾಗಲದಾಗ ನಿಂತ ಬಿಟ್ನಿ.

ಹಗ್ಗದ ಹೊರಸಿನ ಮ್ಯಾಲ ಐದು ಗಡಿಯಾರ ಒರಸಿ ಸಾಲಾಗಿ ಇಟ್ಟಿದ್ಲು. ಆರನೇದು ಅಕಿ ಕೈಯಾಗ ಇತ್ತು. ಕೂಸಿನ್ನ ಹಿಡದಂಗ ಎದಿಗೆ ಅವಚಿಕೊಂಡು ಶೆಡ್ಡಿನ ಹೊಸ್ತಿಲಾ ದಾಟಿ ಬರಾಕತ್ತಿದ್ಲು. ಕಾಜಿನ ಬಾಗಲಾ ನನ್ನ ಕಡೆ ಇತ್ತು. ಧೂಳು ಹಿಡದ ಕಾಜು. ಆ ಧೂಳಿನ ಹಿಂದ, ಲೋಲಕದ ಬಾಜೂಕ, ಬೂದು ಬಣ್ಣದ್ದು ಏನೋ ಸಣ್ಣ ಛತ್ರಿ ಬಿಚ್ಚಿದಂಗ ಜೋತು ಬಿದ್ದಿತ್ತು. ಅದರ ಮ್ಯಾಲ ಕಂದು ಬಣ್ಣದ ಉದ್ದನ್ನ ಹುಳ ಒಂದರ ಮ್ಯಾಲ ಒಂದು ಹರದಾಡಾಕತ್ತಿದ್ವು. ಸಣ್ಣ ನಡಾ. ರೋಮ ಇಲ್ಲ. ಐಗ್ಲಾಸ್ ಬೇಕಾಗಲಿಲ್ಲ.

ಒದರಿದ್ರ ಅಕಿ ಬೆಚ್ಚಿ ಬೀಳಿಸತಾಳ. ಬೀಳಿಸಿದ್ರ ಕಾಜು ಒಡೀತೈತಿ. ನಾ ದನಿ ಸಾವಕಾಶ ಮಾಡಿದ್ನಿ. ಎಲ್ಲಿಂದ ಬಂತೋ ಆ ದನಿ, ನನಗ ಗೊತ್ತಿಲ್ಲ.

"ಹಂಗ ನಿಂದ್ರು. ಅಲುಗಾಡಬ್ಯಾಡ."

"ಯಾಕ್ರಿ, ಅಂಗಡಿ ಬಿಟ್ಟು ಬಂದೀರಿ?"

"ಆ ಗಡಿಯಾರ ನಾಜೂಕ ಐತಿ. ನಾ ಇಸಗೊಂತೀನಿ."

"ಅಯ್ಯ, ಐದು ಇಳಿಸೀನಿ, ಒಂದಕ್ಕೂ ಮುಕ್ಕಾಗಿಲ್ಲ. ನಿಮಗ ನನ್ನ ಮ್ಯಾಲಿಗಿಂತ ಇವುಗಳ ಮ್ಯಾಲ ಜೀವಾ ಹೆಚ್ಚು."

"ಹೌದು. ನಿಂದ್ರು."

ನಾ ಒಂದೊಂದ ಹೆಜ್ಜಿ ಇಟ್ಟಕೋಂತ ಹೊಂಟ್ನಿ. ಬಿಸಿಲು ಚುರು ಚುರು ಇತ್ತು. ಎಣ್ಣಿ ಹೊಡದ ನೆಲಾ ನನ್ನ ಕಾಲಾಗ ಪುಡಿ ಪುಡಿ ಆಗಾಕತ್ತಿತ್ತು. ಅಕಿ ಮಾರಿ ಮ್ಯಾಲಿನ ನಗಿ ಹೋಗಿ ಏನೋ ವಿಚಾರ ಮಾಡಿದಂಗ ಆತು. ತಲಿ ವಾರಿ ಮಾಡಿ ಪೆಟಗಿ ಹತ್ರ ಕಿವಿ ತಂದ್ಲು.

"ರೀ, ಕೀಲಿ ಕೊಟ್ಟೇ ಇಲ್ಲ, ಇದು ನಡ್ಯಾಕತ್ತೈತಿ. ಎದಿಗೆ ಗುಂಯ್ ಅಂತ ತಿಳ್ಯಾಕತ್ತೈತಿ ನೋಡ್ರಿ."

"ಹೌದು ಬಿಡು," ಅಂದ್ನಿ. ಇನ್ನೊಂದು ಹೆಜ್ಜಿ ಇಟ್ನಿ.

ಅಷ್ಟರಾಗ ಅಕಿ ನನ್ನ ಮಾರಿ ನೋಡಿದ್ಲು. ಇಪ್ಪತ್ತೆರಡು ವರ್ಷದ ಸಂಸಾರ, ನನಗ ಸುಳ್ಳು ಹೇಳಾಕ ಬರಂಗಿಲ್ಲ ಅಂತ ಅಕಿನ ಹೇಳಿದ್ಲಲ್ಲ. ಅಕಿ ಕಣ್ಣು ಸಾವಕಾಶ ಕೆಳಗ ಇಳದ್ವು, ಕಾಜಿನ ಮ್ಯಾಲ ನಿಂತ್ವು. ನೋಡಿದ್ಲು. ತುಟಿ ಬೆಳ್ಳಗಾದ್ವು. ಕೈ ಮಾತ್ರ ಬಿಡಲಿಲ್ಲ. ಆ ಪುಣ್ಯಾತಗಿತ್ತಿ ಕೈ ಬಿಡಲಿಲ್ಲ.

ಪೆಟಗಿ ಕೆಳಗಿನ ಹಲಗ್ಯಾಗ ಬೆರಳು ಹೋಗೂವಷ್ಟು ಒಂದು ತೂತಿತ್ತು, ಕಟಿಗಿ ಗಂಟು ಉಚ್ಚಿ ಬಿದ್ದ ಜಾಗಾ. ಅದ ಆ ಹುಳದ ಬಾಗಲ. ಒಂದು ಹುಳ ಆಗಲೇ ಹೊರಗ ಬಂದು ಅಕಿ ಸೀರಿ ನಿರಿಗಿ ಮ್ಯಾಲ ಕುಂತಿತ್ತು. ನಾ ಎಡಗೈ ಅಂಗೈ ಆ ತೂತಿಗೆ ಒತ್ತಿ ಹಿಡದು, ಬಲಗೈಲೆ ಗಡಿಯಾರ ನನ್ನ ಹೊಟ್ಟಿ ಕಡೆ ಎಳಕೊಂಡ್ನಿ. ಒಳಗಿನವು ಅಂಗೈಗೆ ಕಡದ್ವು. ಕಾದ ಸೂಜಿ ಇಳಿಸಿದಂಗ. ಬಿಡಲಿಲ್ಲ.

"ನಿರಿಗಿ ಮ್ಯಾಲ ಒಂದೈತಿ. ಝಾಡಸಬ್ಯಾಡ. ಹಂಗ ನಿಂತಿರು, ಅದು ತಾನ ಹೋಗತೈತಿ. ಅದು ಹೋದ ಮ್ಯಾಲ ಒಳಗ ಹೋಗಿ ಬಾಗಲಾ ಹಾಕ್ಕೋ."

ನಾ ಹಿಂದ ಸರದ್ನಿ. ಅಕಿ ನಿಂತಿದ್ಲು. ಆ ಹುಳ ಅಕಿ ನಡದ ತನಕ ಏರಿತು. ಸೆರಗಿನ ಅಂಚಿಗೆ ಬಂತು. ರೆಕ್ಕಿ ಒಮ್ಮೆ ಬಿಚ್ಚಿ ಮತ್ತ ಮಡಚ್ತು. ಅಕಿ ಉಸಿರು ಬಿಡಲಿಲ್ಲ. ನಾನೂ ಬಿಡಲಿಲ್ಲ. ಅಂಗೈ ಉರಿ ತಿಳೀಲಿಲ್ಲ. ಸೆರಗಿಗೂ ಕುತಿಗಿಗೂ ನಡುವ ನಾಕು ಬೆರಳು ಜಾಗಾ ಇತ್ತು. ಆಮ್ಯಾಲ ಅದು ಕಾಲು ಜೋತು ಬಿಟ್ಟು ಎದ್ದು, ಶೆಡ್ಡಿನ ಕಡೆ, ತನ್ನ ಗಡಿಯಾರ ಇದ್ದ ಜಾಗಾ ಹುಡಕ್ಕೋಂತ ಹೋತು. ಅಕಿ ಹಿಂದ್ಹಿಂದಕ್ಕ ನಡದು ಒಳಗ ಹೋಗಿ ಚಿಲಕಾ ಹಾಕಿದ್ದು ಕೇಳ್ತು.

ನಾ ಗಡಿಯಾರ ಹಿಡಕೊಂಡು ಹಿತ್ತಲದ ಕಂಟಿ ಬೇಲಿ ದಾಟಿ, ಬೀಳು ಬಿದ್ದ ಹೊಲದ ಆ ಕಡೀ ಬದುವಿನ ತನಕ ನಡದ್ನಿ. ಅಲ್ಲಿ ಇಟ್ಟು ಓಡಿ ಬಂದ್ನಿ. ಕೈ ಮೊಣಕೈ ತನಕ ಬಾತಿತ್ತು, ಮೂರು ದಿನಕ್ಕ ಇಳೀತು. ನನಗ ಅಷ್ಟ.

ಸಂಜಿಗೆ ಅಣ್ಣ ಬಂದು ನನ್ನ ಕೈ ನೋಡಿ, "ಹುಳಾನೂ ನಿನಗ ಗಡಿಯಾರ ಕೊಟ್ಟು ಒಯ್ಯಲಾರದ ಗಿರಾಕಿ ಆದ್ವಲ್ಲೋ," ಅಂದ. ಯಾರೂ ನಗಲಿಲ್ಲ. ಬದುವಿಗೆ ಹೋಗಿ ಬೆಂಕಿ ಹಚ್ಚಿ ಬರ್ತೀನಿ ಅಂದ. ನಾ ಬ್ಯಾಡ ಅಂದ್ನಿ. ಅದು ನನ್ನ ಗಡಿಯಾರ ಅಲ್ಲ. ಹೆಂಡ್ತಿ ನನ್ನ ಕಡೆ ನೋಡಿ ಎದ್ದು ಒಳಗ ಹೋದ್ಲು. ಅಕಿ ಏನರ ಅಂದಿದ್ರ ಛಲೋ ಇತ್ತು.

ಗಡಿಯಾರ ಮಳಿಗಾಲ ಮುಗಿಯೂತನಕ ಬದುವಿನ ಮ್ಯಾಲ ಇತ್ತು. ಹುಳ ಬಿಟ್ಟು ಹೋದ್ವು, ಪೆಟಗಿ ಸೊಟ್ಟ ಆತು, ಲೋಲಕ ತುಕ್ಕು ಹಿಡೀತು. ಅದರ ಮಾಲಕ ಎಂದರ ಬಂದ್ರ ನಾ ಏನು ಹೇಳಬೇಕೋ ಗೊತ್ತಿಲ್ಲ. ಉಳದ ಆರೂ ಈಗ ಅಂಗಡ್ಯಾಗ ಅದಾವ, ನನ್ನ ತಲಿ ಮ್ಯಾಲ. ದಿನಾ ಶಟರ್ ತಗದ ಕೂಡ್ಲೆ ಮೊದಲು ಒಂದೊಂದಕ್ಕೂ ಕಿವಿ ಹಚ್ಚಿ ಕೇಳ್ತೀನಿ. ನಡೀಲಾರದ ಗಡಿಯಾರ ಸುಮ್ಮನ ಐತಿ ಅಂತ ಖಾತ್ರಿ ಮಾಡಿಕೊಂಡು ಆಮ್ಯಾಲ ಕುರ್ಚಿ ಮ್ಯಾಲ ಕುಂದರ್ತೀನಿ.

ಈ ವರ್ಷ ಶಿವರಾತ್ರಿ ಆದ ಮ್ಯಾಲ ಹೌದಿನ ಬದಿಗೆ, ಅಕಿ ಬ್ಯಾಡ ಅಂದು ಬಿಡಿಸಿದ ನೆಲದಾಗ, ಮತ್ತ ತೂತು ಬಿದ್ವು. ಹದಿನೇಳು. ನಾ ಎಣ್ಣಿ ಹೊಡದ ಅರ್ಧದಾಗ ಒಂದೂ ಇಲ್ಲ. ಅಲ್ಲಿ ಇರಿವಿ ಸುದ್ದಾ ಹರದಾಡಂಗಿಲ್ಲ. ಕೋಳಿ ಕೆದರಾಕ ಹೋಗಿ ತಿರಿಗಿ ಬರ್ತಾವ.

ಹೆಂಡ್ತಿ ಈಗ ಕಸಾ ಹೊಡೀತಾಳ, ಆದ್ರ ಕಿವಿ ಎಲ್ಲಾ ಹುಳದ ಸಪ್ಪಳಕ್ಕ ಇಟಗೊಂಡು. ನಿನ್ನೆ ಮುಂಜಾನಿ ನಾ ಚಾ ಬಾಯಿಗೆ ಇಟ್ಟಿದ್ನಿ, ಹಿತ್ತಲದಾಗ ಕಸಬರಿಗಿ ಸಪ್ಪಳ ನಿಂತಿತು.

"ರೀ," ಅಂದ್ಲು. ದನಿ ಏರಿಸಲಿಲ್ಲ. "ಬರ್ರಿ. ಒಂದು ಐತಿ."

ಬಟ್ಟಲಾ ಅಲ್ಲೇ ಬಿಟ್ನಿ. ಅಕಿ ಹೌದಿನ ಹತ್ರ ಕಸಬರಿಗಿ ಹಿಡಕೊಂಡು ಕಂಬದಂಗ ನಿಂತಿದ್ಲು. ಮುಂಗೈ ಮ್ಯಾಲ, ಬಳಿ ಹಿಂದ, ಒಂದು ಹುಳ. ಈಗ ಸದಾ ಕಿಸೇದಾಗ ಇಟಗೊಂಡಿರೂ ಐಗ್ಲಾಸ್ ಕಣ್ಣಿಗೆ ಸಿಗಿಸಿ ಬಗ್ಗಿದ್ನಿ. ಬೆಳಕು ಅಡ್ಡ ಬೀಳಲಿ ಅಂತ ಅಕಿ ಮೊಣಕೈ ಕೆಳಗ ಬೆರಳಿಟ್ಟು ತುಸು ತಿರಗಿಸಿದ್ನಿ. ಕಾಲಿಗೆ ರೋಮ, ರೋಮದಾಗ ಹಳದಿ ಪುಡಿ. ಮಾರಿ ಆ ಕಡೆ ಇತ್ತು.

"ಹೇಳ್ರಿ," ಅಂದ್ಲು.

"ತಡಿ."

"ಅದಾ ಹೌದಲ್ಲ, ನೆಲದ್ದು?"

ಒಮ್ಮೆ ಮುಗೀತು ಅಂತ ಹೇಳಿದ ಬಾಯಿ ನಂದು. ಅದಕ್ಕ ಹುಳ ತಾನ ಈ ಕಡೆ ಮಾರಿ ತಿರಗಸೂತನಕ, ಕಣ್ಣಿನ ಬಾಜೂಕಿನ ಆ ಪಟ್ಟಿ ನನಗ ಕಾಣೂತನಕ, ನಾ ಏನೂ ಹೇಳಲಿಲ್ಲ. ಅಕಿನೂ ಅಲುಗಾಡಲಿಲ್ಲ. ಅಕಿ ನಾಡಿ ಮಾತ್ರ ನನ್ನ ಬೆರಳಿಗೆ ಜೋರ ಹೊಡ್ಯಾಕತ್ತಿತ್ತು.